ಅಣ್ಣನ ಪಾಲು

ಉಚ್ಚೆಂಗಪ್ಪ ನನ್ನ ಅಕ್ಕ ಹೊನ್ನೂರಮ್ಮನ ಗಂಡ. ನಾನು ಅವರನ್ನು ಮಾವ ಎಂದೇ ಕರೆದವನು. ಮಲಪನಗುಡಿಯ ಅವರ ಮನೆಯಲ್ಲಿ ಉಂಡು ಬೆಳೆದೆ. ಮೊದಲು ಅವರ ಎತ್ತು ಹೊಡೆದೆ, ಆಮೇಲೆ ಅವರ ಟ್ರ್ಯಾಕ್ಟರ್ ಓಡಿಸಿದೆ. ಊರಲ್ಲಿ ಅವರ ಬಗ್ಗೆ ಎರಡು ಮಾತಿವೆ. ಕಾಲುವೆ ನೀರು ಬಂದ ಮೇಲೆ ಎದ್ದು ನಿಂತ ರೈತ ಎನ್ನುವುದು ಒಂದು. ತಂಗಿಯ ಹೊಲ ತಿಂದವರು ಎನ್ನುವುದು ಇನ್ನೊಂದು. ಎರಡೂ ನಿಜ. ಆದರೆ ಎರಡನೆಯದನ್ನು ಹೇಳುವವರು ಅಲ್ಲಿಗೇ ನಿಲ್ಲಿಸುತ್ತಾರೆ. ಅದರ ಮುಂದಿನದನ್ನು ನಾನು ಹತ್ತಿರದಿಂದ ಕಂಡಿದ್ದೇನೆ.

ಮಾವನಿಗೆ ತಂಗಿ ಒಬ್ಬಳೇ, ಹುಲುಗಮ್ಮ. ಅವಳು ತೊಡೆಯ ಮೇಲಿನ ಕೂಸಾಗಿದ್ದಾಗ ತಾಯಿ ತೀರಿಕೊಂಡಳು, ಹಿಂದೆಯೇ ತಂದೆ. ಊರ ಹಳೆಯ ಮೆಟ್ಟಿಲ ಬಾವಿಗೆ ಮಾವ ಕೊಡವನ್ನು ತಲೆಯ ಮೇಲೆ, ತಂಗಿಯನ್ನು ಸೊಂಟದ ಮೇಲೆ ಇಟ್ಟುಕೊಂಡು ಇಳಿಯುತ್ತಿದ್ದರಂತೆ. ಅವಳಿಗೆ ಜಡೆ ಹಾಕುವುದನ್ನೂ ಕಲಿತಿದ್ದರು. ಬಾವಿಯ ಹತ್ತಿರ ಹೆಂಗಸರು ಸುಮ್ಮನೆ ಬಿಡುತ್ತಿರಲಿಲ್ಲ.

“ಏನಪಾ ಉಚ್ಚೆಂಗಿ, ಜಡಿ ಹಾಕೋದು ಕಲ್ತಿ. ಹೇನು ನೋಡೋದು ಯಾವಾಗ ಕಲೀತಿ?”

“ಅದನ್ನೂ ಕಲ್ತೀನಿ ಚಿಗವ್ವ. ನಿನ್ನ ತಲಿ ತೋರ್ಸು, ಅಲ್ಲಿ ಜಾಸ್ತಿ ಸಿಗ್ತಾವು.”

ಆಗ ಅವರು ನಗಿಸುವ ಮನುಷ್ಯ. ಆಮೇಲೆ ನೋಡಿದವರು ಇದನ್ನು ನಂಬುವುದಿಲ್ಲ.

ಹುಲುಗಮ್ಮನನ್ನು ಕಂಪ್ಲಿಯ ಜಂಬಪ್ಪನಿಗೆ ಕೊಟ್ಟರು. ಅವನು ಹೊಳೆಯಲ್ಲಿ ಹರಗೋಲು ಹಾಕಿ ಜನರನ್ನು ದಾಟಿಸುವವನು. ನಮ್ಮ ಹೊಲಗಳಿಗೆ ಇನ್ನೂ ಕಾಲುವೆ ಬಂದಿರಲಿಲ್ಲ. ಮಳೆಯಾದರೆ ಜೋಳ, ಆಗದಿದ್ದರೆ ಕೂಲಿ. ತಂಗಿಗೆ ಹಾಕಲು ಮಾವನ ಹತ್ತಿರ ಬಂಗಾರ ಇರಲಿಲ್ಲ. ಹೊಲದ ಮೇಲಿನ ತುಂಡು ಕೊಟ್ಟರು. ಮೇಲೆಲ್ಲ ಕಲ್ಲು, ಕೆಳಗೆ ಎರೆಮಣ್ಣು, ನಡುವೆ ಒಂದು ಬೇವಿನ ಮರ, ಅದರ ಬುಡದಲ್ಲಿ ಸೊಂಟದೆತ್ತರದ ಹುತ್ತ.

ಹೆಣ್ಣುಮಗಳಿಗೆ ಹೀಗೆ ಕೊಡುವುದನ್ನು ನಮ್ಮ ಕಡೆ ಅರಿಶಿಣ ಕುಂಕುಮದ ಹೊಲ ಎನ್ನುತ್ತಾರೆ. ಕಾಗದ ಮಾಡಿಸುವುದಿಲ್ಲ, ಹಿರಿಯರ ಮುಂದೆ ಹೇಳಿದರೆ ಆಯಿತು. ಉಳುವವನು ಅಣ್ಣ, ಬೆಳೆದದ್ದು ತಂಗಿಗೆ. ಮದುವೆಯ ದಿನ ಮಾವ ಆ ಹೊಲದ ಒಂದು ಹಿಡಿ ಮಣ್ಣಿಗೆ ಅರಿಶಿಣ ಕುಂಕುಮ ಬೆರೆಸಿ ಹುಲುಗಮ್ಮನ ಉಡಿಗೆ ಹಾಕಿದರು.

“ಇದು ನಿನ್ನ ಅರಿಶಿಣ ಕುಂಕುಮಕ್ಕ, ತಂಗಿ. ಇದರ ಮ್ಯಾಲೆ ನಾ ಕಣ್ಣು ಹಾಕಂಗಿಲ್ಲ.”

ಜಂಬಪ್ಪ ಪಕ್ಕದಲ್ಲೇ ಬಾಸಿಂಗ ಕಟ್ಟಿಕೊಂಡು ಕೂತಿದ್ದ. “ಭಾವಾ, ಆ ಹೊಲದಾಗ ಕಲ್ಲು ಬಿಟ್ರ ಏನು ಬೆಳೀತೈತಿ? ಹರಗೋಲಾಗ ಹಾಕ್ಕೊಂಡು ಹೋದ್ರ ನಾನೂ ಮುಳುಗ್ತೀನಿ, ನಿನ್ನ ತಂಗೀನೂ ಮುಳುಗ್ತಾಳ” ಎಂದ. ಚಪ್ಪರವೆಲ್ಲ ನಕ್ಕಿತು.

ಪ್ರತಿ ವರ್ಷ ನಾಗರ ಪಂಚಮಿಗೆ ಮಾವನೇ ಬಂಡಿ ಕಟ್ಟಿ ಕಂಪ್ಲಿಗೆ ಹೋಗಿ ತಂಗಿಯನ್ನು ಕರೆತರುತ್ತಿದ್ದರು. ಆಳನ್ನು ಕಳಿಸುತ್ತಿರಲಿಲ್ಲ. ಪಂಚಮಿಯ ದಿನ ಹುಲುಗಮ್ಮ ತನ್ನ ಹೊಲದ ಹುತ್ತಕ್ಕೇ ಹಾಲೆರೆಯುತ್ತಿದ್ದಳು. ಕೊಬ್ಬರಿ ಬಟ್ಟಲಲ್ಲಿ ಹಾಲು ತುಂಬಿ, ತವರಿನವರ ಒಬ್ಬೊಬ್ಬರ ಹೆಸರಲ್ಲಿ ಒಂದೊಂದು ಸಲ ಸುರಿಯುವುದು ನಮ್ಮ ಹೆಂಗಸರ ಪದ್ಧತಿ. ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು, ಅತ್ತಿಗೆಯ ಪಾಲು ಎನ್ನುತ್ತ ಸುರಿಯುತ್ತಾರೆ. ಯಾರ ಪಾಲು ಬಿಟ್ಟರೋ ಅವರಿಗೆ ಒಳ್ಳೆಯದಲ್ಲ ಎಂಬ ನಂಬಿಕೆ. ಗಂಡಸರು ಹತ್ತಿರ ಹೋಗುವುದಿಲ್ಲ. ಮಾವ ಬದುವಿನ ಮೇಲೆ ಕೂತಿದ್ದು, ಅವಳು ವಾಪಸು ಬಂದಾಗ ವರ್ಷವೂ ಅದೇ ಪ್ರಶ್ನೆ ಕೇಳುತ್ತಿದ್ದರು.

“ನನ್ನ ಪಾಲು ಬಿಟ್ಟಿಲ್ಲಲ್ಲ?”

“ಬಿಟ್ಟೀನಿ ಹೋಗು. ನಿನ್ನ ಪಾಲು ಬರೋದರಾಗ ಹಾವಿನ ಹೊಟ್ಟಿ ತುಂಬಿತ್ತು.”

ಅಣ್ಣ ತಂಗಿ ಇಬ್ಬರೂ ನಗುತ್ತ ಉಂಡಿ ತಿಂದುಕೊಂಡು ಮನೆಗೆ ಬರುತ್ತಿದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಸೀಮೆಗೆ ಕಾಲುವೆ ನೀರು ಬಿಟ್ಟರು. ಕಾಲುವೆ ಹುಲುಗಮ್ಮನ ಹೊಲದ ತಲೆಯ ಮೇಲೆಯೇ ಹಾದು ಹೋಗಿತ್ತು. ನೀರು ಬಿಡುವ ತೂಬು ಕೂತದ್ದು ಅವಳ ಬದುವಿನಲ್ಲಿ. ಮಾವನ ಉಳಿದ ಹೊಲಕ್ಕೆ ನೀರು ಹೋಗಬೇಕೆಂದರೆ ಅವಳ ಹೊಲ ದಾಟಿಯೇ ಹೋಗಬೇಕು. ಮೊದಲ ನೀರು ಬಂದ ದಿನ ಮಾವ ಅವಳನ್ನು ಕರೆಸಿ ತೂಬಿನ ಕೆಳಗೆ ನಿಲ್ಲಿಸಿದರು. ಕೆಂಪು ನೀರು ಅವಳ ಕಾಲು ತೋಯಿಸಿಕೊಂಡು ಕೆಳಗಿನ ಹೊಲಕ್ಕೆ ಹರಿಯಿತು. ಕಲ್ಲು ಬೆಳೆಯುವ ಹೊಲ ಎಂದು ನಕ್ಕಿದ್ದ ಜಂಬಪ್ಪ ಬಾಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ.

ಆ ತೂಬಿನ ಕೆಳಗೆ ಜೋಳ, ಶೇಂಗಾ, ಹತ್ತಿ ಮಾತ್ರ ಬೆಳೆಯಬೇಕು, ಈ ಮಣ್ಣು ಹೆಚ್ಚು ನೀರು ತಡೆಯುವುದಿಲ್ಲ ಎಂದು ನೀರಾವರಿಯವರು ಬಂದು ಹೇಳಿದರು. ಊರಲ್ಲಿ ಯಾರೂ ಕೇಳಲಿಲ್ಲ, ಮಾವನೂ ಕೇಳಲಿಲ್ಲ. ಮೊದಲು ಭತ್ತ, ಆಮೇಲೆ ಕಬ್ಬು, ಕಬ್ಬಿನ ಪಕ್ಕ ಬಾಳೆ. ಲಾರಿಗಳು ಹೊಲದ ತನಕ ಬರತೊಡಗಿದವು. ಮಣ್ಣಿನ ಮಾಳಿಗೆ ಹೋಗಿ ಆರ್‌ಸಿಸಿ ಮನೆ ಬಂತು. ಎತ್ತು ಹೋಗಿ ಟ್ರ್ಯಾಕ್ಟರ್ ಬಂತು. ನಾನು ಡ್ರೈವರ್ ಆದೆ. ಅಕ್ಕನ ಕೈಗೆ ಹೊಸ ಪಾಟಲಿ ಬಂದವು. ಅವಳು ಅವನ್ನು ಕೆಲಸ ಮಾಡುವಾಗ ಬಿಚ್ಚಿಡುತ್ತಿದ್ದಳು, ಮಾವ ಗದರಿ ಮತ್ತೆ ಹಾಕಿಸುತ್ತಿದ್ದರು. ಹೊಸಪೇಟೆಯ ಬಜಾರಿನಲ್ಲಿ ಅಂಗಡಿಯವರು ಮಾವನನ್ನು ಕಂಡರೆ ಕುರ್ಚಿ ಹಾಕುತ್ತಿದ್ದರು. ಮೊದಮೊದಲು ಅವರು ಆ ಕುರ್ಚಿಯ ತುದಿಯಲ್ಲಿ ಕೂರುತ್ತಿದ್ದರು. ಆಮೇಲೆ ಕುರ್ಚಿ ಹಾಕದ ಅಂಗಡಿಗೆ ಹೋಗುವುದನ್ನೇ ಬಿಟ್ಟರು.

ಮೊದಲ ವರ್ಷಗಳಲ್ಲಿ ಹುಲುಗಮ್ಮನ ಹೊಲದ ಭತ್ತವನ್ನು ಅವರೇ ಬಂಡಿಯಲ್ಲಿ ಹಾಕಿಕೊಂಡು ಕಂಪ್ಲಿಗೆ ಒಯ್ದು ಕೊಡುತ್ತಿದ್ದರು. ಕಬ್ಬು ಬಂದ ಮೇಲೆ ಲೆಕ್ಕ ಕಲೆಸಿ ಹೋಯಿತು. ಎಲ್ಲ ಕಬ್ಬೂ ಒಂದೇ ಲಾರಿಯಲ್ಲಿ ಹೋಗುತ್ತಿತ್ತು. “ಅಕಿದು ಯಾವುದು, ನಮ್ಮದು ಯಾವುದು, ಯಾರು ಬಿಡಿಸಿ ನೋಡ್ತಾರಲೇ” ಎನ್ನುತ್ತಿದ್ದರು ನನಗೆ. ಮನೆ ಕಟ್ಟುವ ವರ್ಷ ಏನೂ ಕಳಿಸಲಿಲ್ಲ. ಮರುವರ್ಷ ನನ್ನ ಕೈಯಲ್ಲಿ ಅಕ್ಕಿ ಕಳಿಸಿದರು, ಭಿಕ್ಷೆ ಹಾಕಿದಷ್ಟು. ಹುಲುಗಮ್ಮ ಚೀಲ ಇಳಿಸಿಕೊಂಡು “ಅಣ್ಣ ಆರಾಮ ಅದಾನಿಲ್ಲೋ?” ಎಂದಳೇ ಹೊರತು ಬೇರೆ ಏನೂ ಕೇಳಲಿಲ್ಲ.

ಅಂಥ ಹೊತ್ತಿನಲ್ಲಿ ಜಂಬಪ್ಪನಿಗೆ ಕಾಮಾಲೆ ಆಯಿತು. ನಾಟಿ ಔಷಧಿ ಕುಡಿಸಿದರು, ದೊಡ್ಡಾಸ್ಪತ್ರೆಗೆ ಒಯ್ದರು, ಉಳಿಯಲಿಲ್ಲ. ಮಕ್ಕಳಿರಲಿಲ್ಲ.

ಸತ್ತವರ ದಿವಸ ಮಾಡುವ ದಿನ ತವರಿನವರು ಹೆಣ್ಣುಮಗಳಿಗೆ ಸೀರೆ ಒಯ್ಯಬೇಕು. ಮಾವ ಹೊಸಪೇಟೆಯಲ್ಲಿ ಒಳ್ಳೆಯ ಸೀರೆಯನ್ನೇ ಆರಿಸಿದರು. ಕಂಪ್ಲಿಯಲ್ಲಿ ಊಟ ಮುಗಿಯಿತು. ಹುಲುಗಮ್ಮ ಆ ಸೀರೆ ಹೊದ್ದು ಗೋಡೆಗೆ ಒರಗಿ ಕೂತಿದ್ದಳು, ಹಣೆ ಬರಿದಾಗಿತ್ತು. ಹಿರಿಯರು ಮುಂದಿನ ಮಾತು ತೆಗೆದರು. ಜಂಬಪ್ಪನ ಅಣ್ಣ ಮೂಕಣ್ಣ ಹೇಳಿದ:

“ಅಕಿ ಹೊಟ್ಟಿಗೆ ಏನೂ ಚಿಂತಿ ಇಲ್ಲಪ್ಪ. ತವರಿನ ಹೊಲ ಐತಿ. ಇನ್ನು ಮ್ಯಾಲೆ ನಾವ ಬಂದು ಉಳುಮಿ ಮಾಡ್ತೀವಿ. ಉಚ್ಚೆಂಗಪ್ಪಗ ಯಾಕ ತ್ರಾಸು?”

ಮಾವ ತಲೆ ಎತ್ತಿ ನೋಡಿದರು. ಅವರ ಕಣ್ಣ ಮುಂದೆ ಬಂದದ್ದು ತೂಬು ಎಂದು ನನಗೆ ಆಗಲೇ ತಿಳಿಯಿತು. ಹೊಲ ಮೂಕಣ್ಣನ ಕೈಗೆ ಹೋದರೆ ತೂಬೂ ಅವನ ಕೈಗೆ, ಕೆಳಗಿನ ಕಬ್ಬಿನ ನೀರೂ ಅವನ ಕೈಗೆ. ಅವರು ಸ್ವಲ್ಪ ಯೋಚಿಸಿ ಮಾತಾಡಿದ್ದರೆ ಬೇರೆ ದಾರಿ ಇರುತ್ತಿತ್ತು. ಯೋಚಿಸಲಿಲ್ಲ.

“ಅದು ಅರಿಶಿಣ ಕುಂಕುಮಕ್ಕ ಕೊಟ್ಟಿದ್ದು” ಎಂದರು. “ಅರಿಶಿಣ ಕುಂಕುಮ ಹೋದ ಮ್ಯಾಲೆ ಹೊಲದ ಮಾತ್ಯಾಕ?”

ಹುಲುಗಮ್ಮ ಹೊದ್ದಿದ್ದ ಸೀರೆ ತೆಗೆದು ನಿಧಾನವಾಗಿ ಮಡಚಿದಳು. ಅಂಗಡಿಯಲ್ಲಿ ಮಡಚಿದ ಗೆರೆಯ ಮೇಲೇ ಮಡಚಿದಳು. ತಂದು ಅಣ್ಣನ ಮುಂದಿನ ತಾಟಿನಲ್ಲಿಟ್ಟಳು.

“ಹೌದಣ್ಣ. ಹೋದುವು” ಎಂದಳು. ಒಳಗೆ ಹೋದಳು.

ವಾಪಸು ಬರುವಾಗ ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕೂತು ಮಾವ ನನಗೆ ಕೂಗಿ ಹೇಳಿದರು. ಇಂಜಿನ್ ಸದ್ದಿಗೆ ಕೂಗಲೇಬೇಕಿತ್ತು.

“ಮೂಕಣ್ಣನ ಬಾಯಿ ಮುಚ್ಚಸಾಕ ಅಂದಿದ್ದಲೇ ಅದು. ಅಕಿಗೆ ಅಂದಿದ್ದಲ್ಲ.”

“ಅಕಿಗೆ ಕೇಳಿಸ್ತು ಮಾವ” ಎಂದೆ.

“ತಂಗಿ ಅದಾಳ. ತಿಳಕೊಂತಾಳ.”

ತೊಡೆಯ ಮೇಲೆ ಸೀರೆಯ ಪೊಟ್ಟಣ ಇತ್ತು. ಅದನ್ನು ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ. ಮನೆಗೆ ಬಂದು ಅಕ್ಕನ ಕೈಗೆ ಕೊಟ್ಟರು. ನಡೆದದ್ದನ್ನು ಕೇಳಿ ಅಕ್ಕ ಅದನ್ನು ತೆಗೆದುಕೊಳ್ಳಲಿಲ್ಲ. ಅದು ಬಹಳ ದಿನ ಗೂಟಕ್ಕೆ ನೇತುಬಿದ್ದಿತ್ತು.

ಆ ವರ್ಷದ ಪಂಚಮಿಗೆ ಮಾವ ತಾವು ಹೋಗಲಿಲ್ಲ, ಹಳೆಯ ಬಂಡಿಗೆ ಬಾಡಿಗೆ ಎತ್ತು ಕಟ್ಟಿಸಿ ನನ್ನನ್ನು ಕಳಿಸಿದರು. ಹುಲುಗಮ್ಮ ನನಗೆ ಊಟಕ್ಕೆ ಬಡಿಸಿದಳು.

“ಬಂಡಿ ತಂದಿಯಲ್ಲ ಅಂಜಿನಿ, ಉಂಡು ಹೋಗು. ನಾ ಬರಂಗಿಲ್ಲ.”

“ಮಾವಗ ಏನು ಹೇಳ್ಲಿ ಹುಲುಗಕ್ಕ?”

“ಬಂಡಿ ಖಾಲಿ ಐತಿ ಅಂತ ಹೇಳು.”

ಅವಳು ಕಂಪ್ಲಿಯಲ್ಲೂ ಬಹಳ ದಿನ ಇರಲಿಲ್ಲ. ಹೊಲ ಇಲ್ಲದ ಮೇಲೆ ಗಂಡನ ಮನೆಯವರಿಗೂ ಅವಳು ಬೇಡವಾದಳು. ಸಂಡೂರಿನ ಗುಡ್ಡಕ್ಕೆ ಹೋಗಿ ಗುತ್ತಿಗೆದಾರನ ಕೈಕೆಳಗೆ ಅದಿರಿನ ಕಲ್ಲು ಒಡೆದಳು. ದೋಣಿಮಲೈ ಬಸ್ಸಿನಲ್ಲಿ ಅವಳನ್ನು ನೋಡಿದೆವೆಂದು ಯಾರೋ ಹೇಳಿದರು, ಮೈಯೆಲ್ಲ ಕೆಂಧೂಳಿ, ಕಣ್ಣು ಮಾತ್ರ ಗುರುತು ಸಿಕ್ಕಿತು ಎಂದರು. ಮಾವ ಆ ಮಾತು ಕೇಳಿ ಎದ್ದು ಹೊಲಕ್ಕೆ ಹೋದರು.

ಅವಳ ಹೊಲಕ್ಕೆ ಈ ಸಲ ಬೇವಿನ ಬುಡದ ತನಕ ಕಬ್ಬು ಹಾಕಿದೆವು. ಹುತ್ತವನ್ನು ಕೆಡಹಲು ಮಾವನಿಗೆ ಧೈರ್ಯ ಬರಲಿಲ್ಲ. ಅದರ ಸುತ್ತ ಬಿಟ್ಟು ಸಾಲು ಹೊಡೆ ಎಂದರು. ಕಬ್ಬು ಬೆಳೆದು ಹುತ್ತವನ್ನೂ ಬೇವಿನ ಬುಡವನ್ನೂ ಮುಚ್ಚಿತು. ಆ ಕಬ್ಬು ಚೆನ್ನಾಗಿ ಬಂತು. ಅದೇ ಹೊಲದ ಪಕ್ಕದ ಗಾಣದಲ್ಲಿ ಬೆಲ್ಲ ಮಾಡಿ ಮನೆಗೂ ತಂದೆವು. ಅಕ್ಕ ಮುಟ್ಟಲಿಲ್ಲ.

“ಯಾಕ, ಬೆಲ್ಲ ಸಿಹಿ ಇಲ್ಲೇನು?” ಎಂದರು ಮಾವ.

“ಸಿಹಿ ಇರಬೌದು. ನಾ ಆ ಹೊಲದ್ದು ಉಣ್ಣಂಗಿಲ್ಲ.”

ಅಂದಿನಿಂದ ಮನೆಯಲ್ಲಿ ಎರಡು ಗಡಿಗೆ ಆದವು. ಒಂದರಲ್ಲಿ ಮಾವ, ಮಗ ವಿರುಪಾಕ್ಷಪ್ಪ, ಮಗಳು ಸುವರ್ಣಮ್ಮ, ನಾನು ಉಣ್ಣುತ್ತಿದ್ದೆವು. ಇನ್ನೊಂದು ಸಣ್ಣ ಗಡಿಗೆಯಲ್ಲಿ ಅಕ್ಕ ಪೇಟೆಯಿಂದ ತರಿಸಿದ ಜೋಳದ ನುಚ್ಚು ಬೇಯಿಸಿಕೊಳ್ಳುತ್ತಿದ್ದಳು. ಜಗಳ ಆಡಲಿಲ್ಲ. ಗಂಡನಿಗೆ ಬಿಸಿ ಅನ್ನ ಬಡಿಸಿ, ತುಪ್ಪ ಹಾಕಿ, ಆಮೇಲೆ ಮೂಲೆಯಲ್ಲಿ ಕೂತು ತನ್ನದು ಉಣ್ಣುತ್ತಿದ್ದಳು. ಆರ್‌ಸಿಸಿ ಮನೆ, ಮೇಲೆ ಫ್ಯಾನು ತಿರುಗುತ್ತಿರುತ್ತಿತ್ತು, ಕೆಳಗೆ ಊಟದಲ್ಲಿ ಮಾತೇ ಇರುತ್ತಿರಲಿಲ್ಲ. ಮಾವ ಆ ಸಣ್ಣ ಗಡಿಗೆಯನ್ನು ಒಮ್ಮೆ ಸಿಟ್ಟಿನಿಂದ ಒಡೆದು ಹಾಕಿದರು. ಮರುದಿನ ಅಕ್ಕ ಸಂತೆಯಿಂದ ಅಂಥದ್ದೇ ಇನ್ನೊಂದು ತರಿಸಿದಳು.

ಸುವರ್ಣಮ್ಮನಿಗೆ ಗಂಡು ನೋಡುವ ಕಾಲ ಬಂತು. ಸಂಡೂರಿನ ಕಡೆಯವರು, ಅನುಕೂಲಸ್ಥರು. ಹುಡುಗಿ ಒಪ್ಪಿಗೆಯಾಗಿತ್ತು. ಮಾವ ಹೆಮ್ಮೆಯಿಂದ ಹೇಳಿದರು, “ಬಂಗಾರ ಹಾಕ್ತೀನಿ. ಅರಿಶಿಣ ಕುಂಕುಮಕ್ಕ ಅಂತ ನೀರಾವರಿ ಹೊಲಾನೂ ಕೊಡ್ತೀನಿ.” ಬಂದವರಲ್ಲಿ ಒಬ್ಬ ಮುದುಕ ಎಲೆಗೆ ಸುಣ್ಣ ಹಚ್ಚುತ್ತ ಕೇಳಿದ:

“ನಿಮ್ಮನ್ಯಾಗ ಕುಂಕುಮದ ಹೊಲ ವಾಪಸ್ ಬರ್ತೈತಂತಲ್ರಿ? ನಮ್ಮ ಹುಡುಗಗ ಆಯುಷ್ಯ ಎಷ್ಟು ಐತಿ ಅಂತ ಕೇಳ್ಕೊಂಡು ಕೊಡ್ತೀರೋ, ಹಂಗ ಕೊಡ್ತೀರೋ?”

ಉಳಿದವರು ನಗು ತಡೆದುಕೊಂಡರು. ಚಹಾ ಕುಡಿದು ಹೋದವರು ಮತ್ತೆ ಸುದ್ದಿ ಕಳಿಸಲಿಲ್ಲ. ಸುವರ್ಣಮ್ಮ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡಿದ್ದಳು. ಅಪ್ಪನ ಜೊತೆ ಅವಳ ಮಾತು ಅಂದಿನಿಂದ ಕಡಿಮೆಯಾಯಿತು.

ಆ ಸಂಜೆ ಮಾವ ಮಗನನ್ನು ಕರೆದು, ಹೊಲ ನಿಮ್ಮ ಅತ್ತೆಗೆ ವಾಪಸು ಕೊಟ್ಟುಬಿಡೋಣ ಎಂದರು. ವಿರುಪಾಕ್ಷಪ್ಪ ಆಗ ಜೀಪು ಇಟ್ಟುಕೊಂಡು ಹೊಸಪೇಟೆಯಲ್ಲೇ ಹೆಚ್ಚು ಇರುತ್ತಿದ್ದ.

“ತೂಬು ಕೊಟ್ಟು ಕೆಳಗಿನ ಹೊಲಕ್ಕ ಏನು ಉಚ್ಚಿ ಹೊಯ್ಯೋಣೇನು?” ಎಂದ. “ಹಿರ್‍ಯಾರ ಮುಂದ ನೀನ ತೀರ್ಮಾನ ಹೇಳಿ ಬಂದೀಯಪ್ಪ. ಕುಂಕುಮ ಹೋದ್ರ ಹೊಲ ಹೋತು ಅಂತ. ಈಗ ನಿನ್ನ ಮಾತು ನೀನ ತಿಂತೀಯೇನು?”

ಮಾವ ಆ ಮಾತು ಅಲ್ಲಿಗೇ ಬಿಟ್ಟರು. ಮಗ ಬೇಡ ಎಂದದ್ದು ಅವರಿಗೆ ಒಳಗೊಳಗೆ ಹಗುರವೂ ಆಯಿತು. ಇದನ್ನು ಅವರೇ ನನಗೆ ಬಹಳ ವರ್ಷದ ಮೇಲೆ ಹೇಳಿದರು. “ಅವ ಬ್ಯಾಡ ಅಂದಾಗ ನನ್ನ ಜೀವ ತಣ್ಣಗಾತಲೇ ಅಂಜಿನಿ. ಅದ ದೊಡ್ಡ ಪಾಪ” ಎಂದರು.

ನೀರು ಹಗಲು ರಾತ್ರಿ ಹರಿಯುತ್ತಲೇ ಇತ್ತು. ಪಾಳಿ ಇಲ್ಲ, ಬಸಿದು ಹೋಗಲು ಕಾಲುವೆ ಇಲ್ಲ. ಕೆಲವು ವರ್ಷಕ್ಕೆ ಹುಲುಗಮ್ಮನ ಹೊಲದಲ್ಲಿ ಕಬ್ಬು ಹಳದಿಯಾಯಿತು. ಬೇಸಿಗೆಯಲ್ಲಿ ನೆಲದ ಮೇಲೆ ಉಪ್ಪು ಬೆಳ್ಳಗೆ ಎದ್ದಿತು. ನಮ್ಮ ಕಡೆ ಅದಕ್ಕೆ ಸೌಳು ಎನ್ನುತ್ತಾರೆ. ಸೌಳು ಹತ್ತಿದ ಹೊಲದಲ್ಲಿ ಹುಲ್ಲೂ ನೆಟ್ಟಗೆ ಬರುವುದಿಲ್ಲ. ಬೇವಿನ ಮರ ನಿಂತಲ್ಲೇ ಒಣಗಿತು. ನೀರು ಹೆಚ್ಚಾಗಿ ಹೀಗಾಯಿತು ಎಂದು ಯಾರು ಹೇಳಿದರೂ ಮಾವ ಒಪ್ಪಲಿಲ್ಲ.

“ಅಕಿ ಶಾಪ” ಎಂದರು. “ಪಂಚಮಿಗೆ ಹಾಲು ಎರಿಯುವಾಗ ನನ್ನ ಪಾಲು ಬಿಡ್ತಾಳ. ಅದಕ್ಕ ಹಿಂಗ ಆಗೇತಿ.”

ಆ ಮಾತು ಅವರಿಗೆ ಗಟ್ಟಿಯಾಗಿ ಹಿಡಿದುಕೊಂಡಿತು. ಮಗಳ ಸಂಬಂಧ ತಪ್ಪಿದ್ದು, ಹೆಂಡತಿಯ ಗಡಿಗೆ ಬೇರೆಯಾದದ್ದು, ಟ್ರ್ಯಾಕ್ಟರ್ ಕೆಟ್ಟದ್ದು, ಎಲ್ಲದಕ್ಕೂ ಅದೇ ಕಾರಣ ಕೊಡುತ್ತಿದ್ದರು. ಒಬ್ಬ ಮಂತ್ರಗಾರನ ಹತ್ತಿರ ಹೋಗಿ ನಿಂಬೆಹಣ್ಣು, ಮೊಳೆ ತಂದು ಕೆಂಪು ಬಟ್ಟೆಯಲ್ಲಿ ಸುತ್ತಿ ಹುತ್ತದ ಬುಡದಲ್ಲಿ ಹೂತರು. ತಂಗಿಯ ಬಾಯಿ ಕಟ್ಟಲು. ಜಡೆ ಹಾಕಿ ಬೆಳೆಸಿದ ತಂಗಿ ಅವಳು.

ಆಮೇಲೆ ವಿರುಪಾಕ್ಷಪ್ಪ ತನ್ನ ಪಾಲು ಕೇಳಿದ. ಕೆಳಗಿನ ಒಳ್ಳೆಯ ಹೊಲ ತನ್ನ ಹೆಸರಿಗೆ ಬರೆಸಿಕೊಂಡ, ಮಾರಿದ, ಹೊಸಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಲಾಡ್ಜ್ ಹಾಕಿದ. ಅಪ್ಪನಿಗೆ ಮನೆಯೂ ಸೌಳು ಹತ್ತಿದ ಆ ತುಂಡೂ ಉಳಿದವು. ಹೊಲ ಬರೆಸಿಕೊಳ್ಳುವಾಗ ಅಪ್ಪನನ್ನು ನೋಡಿಕೊಳ್ಳುತ್ತೇನೆ ಎಂದು ಮಾತು ಕೊಟ್ಟಿದ್ದೆಯಲ್ಲ ಎಂದು ನಾನು ಅವನಿಗೆ ನೆನಪಿಸಿದೆ. “ಮಾತು ಕೊಟ್ಟು ಉಳಿಸ್ಕೊಂಡೋರು ನಮ್ಮನ್ಯಾಗ ಯಾರದಾರ, ತೋರ್ಸು ಮಾವ” ಎಂದ. ಸುವರ್ಣಮ್ಮನನ್ನು ದೂರದ ಊರಿಗೆ, ಎರಡನೆಯ ಸಂಬಂಧಕ್ಕೆ ಕೊಟ್ಟಾಯಿತು. ಹೊಲದ ಮಾತು ಎರಡೂ ಕಡೆಯವರು ಎತ್ತಲಿಲ್ಲ. ಪಂಚಮಿಗೆ ಅವಳು ಬರಲಿಲ್ಲ. ಕರೆಯಲು ಹೋದರೆ ಮಕ್ಕಳ ಸ್ಕೂಲು ಎನ್ನುತ್ತಿದ್ದಳು.

ತೊಂಬತ್ತರ ದಶಕ ಶುರುವಾಗಿತ್ತು. ಪಂಚಮಿಯ ಹಿಂದಿನ ದಿನ ಮಾವ ಬೆಳಿಗ್ಗೆ ಎದ್ದು ಬಿಳಿ ಪಂಚೆ ಉಟ್ಟರು.

“ಆ ಹೊಲ ಅಕಿ ಹೆಸರಿಗೆ ಮಾಡ್ಸೀನಿ. ಇವತ್ತು ತಂಗೀನ ಕರ್ಕೊಂಡು ಬರ್ತೀನಿ. ಬರ್ತೀಯೇನಲೇ?”

ಹುಲುಗಮ್ಮ ಆಗ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದಳು. ಸಣ್ಣ ಬಾಡಿಗೆ ಮನೆ, ಲಾರಿ ಡ್ರೈವರುಗಳಿಗೂ ಖಾನಾವಳಿಗಳಿಗೂ ಜೋಳದ ರೊಟ್ಟಿ ಮಾಡಿ ಕೊಡುತ್ತಿದ್ದಳು. ಬಂಡಿ ಇರಲಿಲ್ಲ, ಆಟೋದಲ್ಲಿ ಹೋದೆವು. ಓಣಿಯ ಬಾಯಿಗೆ ಬರುವಾಗಲೇ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಮಾವ ಅಲ್ಲೇ ನಿಂತುಬಿಟ್ಟರು. ಒಳಗೆ ಹೋಗಿ ಹೇಳಲು ನನ್ನನ್ನು ಮುಂದೆ ಕಳಿಸಿದರು.

ಅವಳ ಕೂದಲು ಪೂರಾ ನರೆತಿತ್ತು. ಕೈ ನಿಲ್ಲಿಸದೆ ನನ್ನ ಹಿಂದೆ ನೋಡಿದಳು.

“ಯಾಕ ಅಲ್ಲೇ ನಿಂತಿ? ಬಾ ಒಳಗ. ಕುಂದ್ರು.”

ಮಾವ ಬಂದು ಹೊಸ್ತಿಲ ಹೊರಗೇ ಕೂತರು. ಅವಳು ನೀರು ತಂದಿಟ್ಟಳು. ಮತ್ತೆ ಒಲೆಯ ಮುಂದೆ ಹೋಗಿ ಕೂತಳು.

“ಸೊರಗಿ ಬಡವಾಗೀಯಲ್ಲಣ್ಣ. ಅತ್ತಿಗಿ ಉಣ್ಣಾಕ ಹಾಕಂಗಿಲ್ಲೇನು?”

“ಹಾಕ್ತಾಳ.”

“ಮತ್ತ?”

ಮಾವ ನೆಲ ನೋಡುತ್ತ ಹೇಳಿದರು. “ನಿನ್ನ ಹೊಲ ನಿನ್ನ ಹೆಸರಿಗೆ ಮಾಡ್ಸೀನಿ ತಂಗಿ. ನಾಳೆ ಪಂಚಮಿ. ಮನಿಗೆ ಬಾ.”

“ಆ ಹೊಲದಾಗ ಈಗ ಏನೈತಿ?”

“ಸೌಳು.”

ಅವಳು ರೊಟ್ಟಿಯನ್ನು ಹಂಚಿಗೆ ಹಾಕಿದಳು. ಮೇಲೆ ನೀರು ಸವರಿದಳು. ಮಾವ ಹೊಸ್ತಿಲ ಮೇಲೆ ಎರಡೂ ಕೈ ಊರಿದರು.

“ಬೈಯವಾ ತಾಯಿ. ಇಷ್ಟು ವರ್ಷ ನನ್ನ ಪಾಲು ಬಿಟ್ಟು ಹಾಲು ಎರದೀ. ಶಾಪ ಹಾಕ್ದೀ. ಮನಿ ಹಾಳಾತು. ಇನ್ನ ಸಾಕು ಮಾಡು. ನಿನ್ನ ಬಾಯಿಲೇ ಒಂದು ಒಳ್ಳೆ ಮಾತು ಅಂದುಬಿಡು.”

ಹುಲುಗಮ್ಮ ಅವರನ್ನು ನೋಡಿದಳು. ನಿಜವಾಗಿಯೂ ಅವಳಿಗೆ ಅರ್ಥವಾಗಲಿಲ್ಲ.

“ಯಾವ ಶಾಪ? ಶಾಪ ಹಾಕಾಕ ನನಗ ಪುರುಸೊತ್ತು ಎಲ್ಲಿತ್ತಣ್ಣ, ಕಲ್ಲು ಒಡಿಯೋದರಾಗ, ರೊಟ್ಟಿ ಬಡಿಯೋದರಾಗ?”

“ಪಂಚಮಿಗೆ ನನ್ನ ಪಾಲು…”

“ಬಿಟ್ಟಿಲ್ಲ. ಗುಡ್ಡದಾಗ ಇದ್ದಾಗ ಹಾಲು ಸಿಗ್ಲಿಲ್ಲ ಅಂದ್ರ ನೀರಿಗೆ ಒಂದು ಚೂರು ಬೆಲ್ಲ ಹಾಕಿ ಎರದೀನಿ. ಅಪ್ಪಂದು, ಅವ್ವಂದು, ನಿಂದು, ಅತ್ತಿಗೀದು. ಇಲ್ಲಿ ಓಣಿ ಹಿಂದ ಹುತ್ತ ಐತಿ. ಬೇಕಾದ್ರ ಈ ಓಣಿಯೋರನ್ನ ಕೇಳು.”

ಇಷ್ಟು ವರ್ಷ ಮಾವ ಒರಗಿಕೊಂಡು ಕೂತಿದ್ದ ಗೋಡೆ ಅವರ ಬೆನ್ನ ಹಿಂದೆ ಇಲ್ಲವಾಗಿತ್ತು. ಶಾಪ ಇರಲಿಲ್ಲ. ಆದದ್ದೆಲ್ಲ ಅವರೇ ಮಾಡಿದ್ದು.

“ಹಂಗಾರ ಬಾ ಮನಿಗೆ” ಎಂದರು ಕೊನೆಗೆ, ಬಹಳ ಸಣ್ಣ ದನಿಯಲ್ಲಿ.

“ಬರಂಗಿಲ್ಲಣ್ಣ. ನಿನ್ನ ಮ್ಯಾಲೆ ನನಗ ಸಿಟ್ಟಿಲ್ಲ. ಅವತ್ತು ಆ ಮಾತು ನೀ ಸಿಟ್ಟಿಗೆ ಅಂದಿದ್ರ ಮರೀತಿದ್ದೆ. ನೀ ಸಮಾಧಾನದಾಗ ಅಂದಿ. ಆ ಮನಿ ಬಾಗ್ಲಾಗ ನಿಂತ್ರ ನನಗ ಅದ ಕೇಳಿಸ್ತೈತಿ. ಕಾಲು ಏಳಂಗಿಲ್ಲ.”

ಹಂಚಿನಿಂದ ತೆಗೆದ ಬಿಸಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಕಟ್ಟಿ, ಮೇಲೆ ಶೇಂಗಾ ಚಟ್ನಿಯ ಪೊಟ್ಟಣ ಇಟ್ಟು ಮಾವನ ತೊಡೆಯ ಮೇಲಿಟ್ಟಳು. “ಅತ್ತಿಗಿಗೆ ಕೊಡು. ಬಿಸಿ ಇರುವಾಗ ಉಣ್ಣಾಕ ಹೇಳು” ಎಂದಳು.

ಮನೆಗೆ ಬಂದು ಆ ಗಂಟನ್ನು ಅಕ್ಕನ ಮುಂದಿಟ್ಟೆವು. ಅಕ್ಕ ಬಿಚ್ಚಿದಳು, ಒಂದು ರೊಟ್ಟಿ ಮುರಿದು ಅರ್ಧ ಗಂಡನ ಕೈಗೆ ಕೊಟ್ಟಳು, ಅರ್ಧ ತಾನು ತಿಂದಳು. ಇಬ್ಬರೂ ಒಂದೇ ಅಡಿಗೆ ಉಂಡದ್ದನ್ನು ನಾನು ಬಹಳ ವರ್ಷದ ಮೇಲೆ ನೋಡಿದೆ.

ಮರುದಿನ ಪಂಚಮಿ. ಮಾವ ಒಂದು ಚರಿಗೆ ಹಾಲು ತೆಗೆದುಕೊಂಡು ಹೊರಟರು. ದಾರಿಯಲ್ಲಿ ಹಾಲೆರೆದು ವಾಪಸು ಬರುವ ಹೆಂಗಸರು ಸರಿದು ನಿಂತು ನೋಡಿದರು. ಗಂಡಸು ಹಾಲು ಹಿಡಿದು ಹುತ್ತಕ್ಕೆ ಹೋಗುವುದನ್ನು ಅವರು ಕಂಡಿರಲಿಲ್ಲ. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ನಾನು ಹಿಂದೆ ನಡೆದೆ.

ಹೊಲದಲ್ಲಿ ಒಣಗಿದ ಬೇವಿನ ಮರ ಇತ್ತು. ಹುತ್ತ ಇರಲಿಲ್ಲ. ಕಾಲುವೆಯ ಜಿನುಗು ನೀರಿಗೆ ಅದು ಯಾವಾಗಲೋ ಕರಗಿ ಕೂತು ಮೊಣಕಾಲಿಗಿಂತ ಕೆಳಗಿನ ದಿಬ್ಬ ಆಗಿತ್ತು. ಮಾವ ಅದರ ಬುಡದಲ್ಲಿ ಕೈಯಿಂದಲೇ ಕೆದರಿದರು. ತುಕ್ಕು ಹಿಡಿದ ಮೊಳೆಗಳು ಸಿಕ್ಕವು, ಕೆಂಪು ಬಟ್ಟೆಯ ಚೂರು ಸಿಕ್ಕಿತು. ತೆಗೆದು ನನ್ನ ಕೈಗೆ ಕೊಟ್ಟರು. ನಾನು ಕಾಲುವೆಗೆ ಎಸೆದು ಬಂದೆ.

ಬರುವಷ್ಟರಲ್ಲಿ ಅವರು ಮೊಣಕಾಲೂರಿ ಕೂತು ಹಾಲು ಎರೆಯುತ್ತಿದ್ದರು.

“ತಂಗಿ ಪಾಲು” ಎನ್ನುತ್ತಿದ್ದರು. ಬೇರೆ ಯಾರ ಹೆಸರೂ ಹೇಳಲಿಲ್ಲ. ಮತ್ತೆ ಸುರಿದರು, ಮತ್ತೆ ಅದೇ. “ತಂಗಿ ಪಾಲು.”

ಹಾಲು ನೆಲಕ್ಕೆ ಇಳಿಯಲಿಲ್ಲ. ಕೆಳಗೆಲ್ಲ ನೀರು ತುಂಬಿ ನಿಂತ ಮಣ್ಣು. ಸೌಳಿನ ಮೇಲೆ ಹಾಲು ಹಾಗೇ ನಿಂತಿತು, ಯಾವುದು ಉಪ್ಪು ಯಾವುದು ಹಾಲು ಗೊತ್ತಾಗುತ್ತಿರಲಿಲ್ಲ.

“ಇಂಗವಲ್ದಲೇ ಅಂಜಿನಿ” ಎಂದರು.

“ಹೊತ್ತಾಗ್ತೈತಿ ಮಾವ. ಏಳ್ರಿ, ಹೋಗೂಣು.”

“ನೀ ನಡಿ. ಇಂಗಿದ ಮ್ಯಾಲೆ ಬರ್ತೀನಿ.”

ನಾನು ಹೋಗಲಿಲ್ಲ. ಹಿಂದೆ ಅವರು ತಂಗಿಗಾಗಿ ಕಾಯುತ್ತ ಕೂರುತ್ತಿದ್ದ ಬದುವಿನ ಮೇಲೆ ಕೂತೆ. ಬಿಸಿಲು ಏರಿತು. ಅವರು ಚರಿಗೆಯನ್ನು ಬೋರಲು ಹಾಕಿ, ಆ ಬಿಳಿ ನೆಲವನ್ನೇ ನೋಡುತ್ತ ಕೂತಿದ್ದರು.